ಹೊಸಬಳಿಗೊಂದು ಜಗಳ

ನನ್ನ ಮಗಳ ಮನೆಯಲ್ಲಿ ಎರಡು ಸರ್ಕಾರಗಳಿವೆ. ಒಂದು ಅಡುಗೆಮನೆಯಲ್ಲಿ, ಇನ್ನೊಂದು ನಡುಮನೆಯ ಮೂಲೆಯಲ್ಲಿ. ಅಡುಗೆಮನೆಯ ಸರ್ಕಾರ ದಿನಕ್ಕೆರಡು ಸಲ ಬದಲಾಗುತ್ತದೆ. ಬೆಳಿಗ್ಗೆ ಮಗಳು ಆಫೀಸಿಗೆ ಹೊರಟ ಮೇಲೆ ನನ್ನ ಹೆಂಡತಿ ಅಧಿಕಾರ ವಹಿಸಿಕೊಳ್ಳುತ್ತಾಳೆ, ಸಂಜೆ ಹಿಂದಕ್ಕೆ ಕೊಡುತ್ತಾಳೆ. ಕೊಡುವಾಗ ಸಾಸಿವೆ ಡಬ್ಬಿ ಇದ್ದ ಜಾಗದಲ್ಲಿಲ್ಲವೆಂದು ತಾಯಿ ಮಗಳ ನಡುವೆ ಸಣ್ಣದೊಂದು ವಾಗ್ವಾದ ನಡೆದೇ ನಡೆಯುತ್ತದೆ. ನಡುಮನೆಯ ಸರ್ಕಾರ ಮಾತ್ರ ಬಹಳ ಭದ್ರವಾದದ್ದು. ಅಲ್ಲಿ ಆಳುವವಳು ರಾಗಿ. ಗಸಗಸೆ ಮತ್ತು ಅವಲಕ್ಕಿ ಅವಳ ಪ್ರಜೆಗಳು. ಮೂವರೂ ಗಿನಿಪಿಗ್‌ಗಳು, ಮೂವರೂ ಹೆಂಗಸರು. ಅಡುಗೆಮನೆಯ ಡಬ್ಬಿಗಳ ಮೇಲಿದ್ದ ಚೀಟಿಗಳನ್ನು ಓದಿ, ಬಣ್ಣಕ್ಕೆ ಬಣ್ಣ ಹೊಂದಿಸಿ ಹೆಸರಿಟ್ಟವಳು ನನ್ನ ಮೊಮ್ಮಗಳು.

ಅವಳು ಕೇಳಿದ್ದು ನಾಯಿಯನ್ನು. ಅಳಿಯ ಬೇಡವೆಂದರು. ನಾಯಿಗೂ ಏನೂ ಬೇಡವೆಂಬುದಕ್ಕೂ ನಡುವೆ ಎಲ್ಲೋ ಒಂದು ಕಡೆ ರಾಜಿಯಾಗಿ ಗಿನಿಪಿಗ್‌ಗಳು ಬಂದವು. ನಾವಿಬ್ಬರೂ ಶಿವಮೊಗ್ಗದ ಮನೆಯನ್ನು ಬಾಡಿಗೆಗೆ ಕೊಟ್ಟು ಬೆಂಗಳೂರಿಗೆ ಬಂದು ಸೇರುವ ಹೊತ್ತಿಗೆ ಅವು ಆಗಲೇ ಬೇರು ಬಿಟ್ಟಿದ್ದವು. ನನ್ನ ಹೆಂಡತಿ ಮೊದಲ ದಿನ ಬಲೆಯ ಬೇಲಿಯ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತು, "ನಮ್ಮೂರಲ್ಲಿ ಇಲಿ ಹೋಗಲಿ ಅಂತ ದುಡ್ಡು ಖರ್ಚು ಮಾಡ್ತಿದ್ವಿ, ಇಲ್ಲಿ ಬರಲಿ ಅಂತ ಮಾಡ್ತಾರೆ" ಎಂದಳು. ಆದರೆ ಗಿನಿಪಿಗ್‌ಗಳಿಗೆ ಈರುಳ್ಳಿ ಬೆಳ್ಳುಳ್ಳಿ ಕೊಡಬಾರದು, ಅವಕ್ಕೆ ಅದು ವಿಷ ಎಂದು ಮಗಳು ಹೇಳಿದ ಗಳಿಗೆಯಿಂದ ಅವಳ ಧೋರಣೆಯೇ ಬದಲಾಯಿತು. ಈರುಳ್ಳಿ ಬೆಳ್ಳುಳ್ಳಿ ಮುಟ್ಟದ, ಮಾಂಸ ಮೊಟ್ಟೆ ನೋಡದ, ಹೊತ್ತು ಹೊತ್ತಿಗೆ ಸೊಪ್ಪುಸದೆ ತಿಂದುಕೊಂಡಿರುವ ಜೀವಿಗಳು ಒಳ್ಳೆಯ ಮನೆತನದವೇ ಇರಬೇಕೆಂದು ಅವಳು ತೀರ್ಮಾನಿಸಿದಳು. "ಅದು" ಎನ್ನುತ್ತಿದ್ದವಳು "ಅವಳು" ಎನ್ನತೊಡಗಿದಳು.

ಸೊಪ್ಪಿನ ಜವಾಬ್ದಾರಿ ನನಗೆ ಬಂತು. ಒಣಹುಲ್ಲು ಅವುಗಳ ಮುಖ್ಯ ಊಟ. ಹಲ್ಲು ಸಾಯುವವರೆಗೂ ಬೆಳೆಯುತ್ತಲೇ ಇರುವುದರಿಂದ ದಿನವಿಡೀ ಏನಾದರೊಂದು ನಾರನ್ನು ಅರೆಯುತ್ತಿರಬೇಕು. ಅದರ ಜೊತೆಗೆ ಕೊತ್ತಂಬರಿ, ಒಂದು ಹೋಳು ದೊಣ್ಣೆಮೆಣಸಿನಕಾಯಿ, ಹಸಿ ಗರಿಕೆ. ಬೆಂಗಳೂರಿನಲ್ಲಿ ಶುದ್ಧವಾದ ಗರಿಕೆ ಸಿಗುವುದು ದೇವಸ್ಥಾನದ ಮುಂದೆ. ಹೂವಿನವಳು ಕೆಲವು ದಿನ ನನ್ನನ್ನು ಭಕ್ತಿಯಿಂದ ನೋಡಿ, ಆಮೇಲೆ ತಡೆಯಲಾರದೆ, "ಏನ್ ಸ್ವಾಮಿ, ಮನೇಲಿ ದಿನಾ ಗಣಹೋಮವಾ?" ಎಂದು ಕೇಳಿದಳು. "ಗಣಪನಿಗಲ್ಲಮ್ಮ, ಅವನ ವಾಹನದ ದಾಯಾದಿಗಳಿಗೆ" ಎಂದೆ. ಅಂದಿನಿಂದ ಅವಳು ಒಂದು ಕಟ್ಟು ಹೆಚ್ಚಿಗೆ ಕೊಡುತ್ತಾಳೆ. ನನ್ನ ಉತ್ತರ ಅವಳಿಗೆ ಅರ್ಥವಾಯಿತೋ, ಅಥವಾ ನನ್ನ ತಲೆಯ ಸ್ಥಿತಿಯ ಬಗ್ಗೆ ಮರುಕ ಹುಟ್ಟಿತೋ, ನಾನು ವಿಚಾರಿಸಲು ಹೋಗಿಲ್ಲ.

ದೊಣ್ಣೆಮೆಣಸಿನಕಾಯಿ ರುಚಿಗಲ್ಲ, ಸಿ ಜೀವಸತ್ವಕ್ಕೆ. ಹೆಚ್ಚಿನ ಪ್ರಾಣಿಗಳ ಮೈ ತನಗೆ ಬೇಕಾದ ಸಿ ಜೀವಸತ್ವವನ್ನು ತಾನೇ ಮಾಡಿಕೊಳ್ಳುತ್ತದೆ. ಗಿನಿಪಿಗ್‌ಗೆ ಆ ವಿದ್ಯೆಯಿಲ್ಲ, ಮನುಷ್ಯನಿಗೂ ಇಲ್ಲ. 1907ರಲ್ಲಿ ನಾರ್ವೆಯ ಹೋಲ್ಸ್ಟ್ ಮತ್ತು ಫ್ರೋಲಿಚ್ ಎಂಬಿಬ್ಬರು ಹಡಗಿನವರನ್ನು ಕಾಡುತ್ತಿದ್ದ ಬೆರಿಬೆರಿ ರೋಗದ ಗುಟ್ಟು ಹುಡುಕುತ್ತ ಗಿನಿಪಿಗ್‌ಗಳಿಗೆ ಬರೀ ಧಾನ್ಯ ತಿನ್ನಿಸಿದರು. ಬಂದದ್ದು ಬೆರಿಬೆರಿಯಲ್ಲ, ಸ್ಕರ್ವಿ. ಹಣ್ಣುತರಕಾರಿ ಕಾಣದ ನಾವಿಕರ ವಸಡು ಒಡೆಯುತ್ತಿದ್ದ ಅದೇ ಸ್ಕರ್ವಿ. ಈ ಕಥೆಯನ್ನು ಹೇಳಿದಾಗ ನನ್ನ ಹೆಂಡತಿ, "ಅಂದರೆ ನಮ್ಮ ಥರಾನೇ ಅನ್ನಿ" ಎಂದು ಇನ್ನೊಂದು ಹೋಳು ಹೆಚ್ಚಿ ಹಾಕಿದಳು. ಇವುಗಳ ತವರು ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಸೀಮೆ. ಅಲ್ಲಿನ ಜನ ಸಾವಿರಾರು ವರ್ಷಗಳಿಂದ ಇವನ್ನು ಮನೆಯೊಳಗೇ ಸಾಕುತ್ತಾರೆ, ಒಲೆಯ ಸುತ್ತ ಓಡಾಡಲು ಬಿಡುತ್ತಾರೆ ಎಂದಾಗಲೂ ಅವಳಿಗೆ ಮೆಚ್ಚುಗೆಯಾಯಿತು. ಯಾಕೆ ಸಾಕುತ್ತಾರೆ ಎಂಬುದನ್ನು ಮಾತ್ರ ನಾನು ಮೊಮ್ಮಗಳು ಮಲಗಿದ ಮೇಲೆ ಹೇಳಬೇಕಾಯಿತು. ಪೆರುವಿನ ಕುಸ್ಕೋ ನಗರದ ದೊಡ್ಡ ಇಗರ್ಜಿಯಲ್ಲಿ ಮಾರ್ಕೋಸ್ ಸಪಾಟಾ ಎಂಬ 18ನೇ ಶತಮಾನದ ಕಲಾವಿದ ಬರೆದ ಯೇಸುವಿನ ಕೊನೆಯ ಭೋಜನದ ಚಿತ್ರವಿದೆ. ಅದರಲ್ಲಿ ತಟ್ಟೆಯ ಮೇಲೆ ಕಾಲು ಮೇಲೆ ಮಾಡಿ ಮಲಗಿರುವುದು ಗಿನಿಪಿಗ್ ಎಂದೇ ಅಲ್ಲಿಯ ಜನ ಹೇಳುವುದು. ಆ ರಾತ್ರಿ ನನ್ನ ಹೆಂಡತಿ ಎದ್ದು ಹೋಗಿ ಬಲೆಯ ಮೇಲೆ ಹೊದಿಕೆಯನ್ನು ಸರಿಮಾಡಿ ಬಂದಳು.

ಹೀಗೆ ಮೂವರ ಸಂಸಾರ ಸುಖವಾಗಿ ಸಾಗಿರುವಾಗ ಬೆಲ್ಲ ಬಂದಳು. ಎದುರಿನ ಬ್ಲಾಕಿನ ಒಂದು ಕುಟುಂಬ ಹೊರದೇಶಕ್ಕೆ ಹೊರಟಿತ್ತು. ಅವರಲ್ಲಿದ್ದ ಜೋಡಿಯಲ್ಲಿ ಒಂದು ತೀರಿಕೊಂಡು ಇದೊಂದೇ ಉಳಿದಿತ್ತು. ನಾವು ನೋಡಲು ಹೋದಾಗ ಅದು ಗೂಡಿನ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಿತ್ತು. ತಟ್ಟೆಯಲ್ಲಿದ್ದ ಸೊಪ್ಪು ಬಾಡಿತ್ತು. ಬಯಲಿನಲ್ಲಿ ಹದ್ದು ನರಿಗಳಿಗೆ ಊಟವಾಗುವ ಕುಲದಲ್ಲಿ ಹುಟ್ಟಿದ ಜೀವ ಅದು. ಮಗ್ಗುಲಲ್ಲಿ ಇನ್ನೊಂದು ಜೊತೆ ಕಿವಿ ಎಚ್ಚರವಾಗಿದೆಯೆಂಬ ಧೈರ್ಯವಿಲ್ಲದೆ ಅದಕ್ಕೆ ನೆಮ್ಮದಿಯಾಗಿ ಉಣ್ಣಲೂ ಬಾರದು, ಮಲಗಲೂ ಬಾರದು. ಸ್ವಿಟ್ಜರ್ಲೆಂಡಿನಲ್ಲಿ ಗಿನಿಪಿಗ್ ಒಂದನ್ನೇ ಸಾಕುವಂತಿಲ್ಲ, ಜೊತೆಗೊಂದು ಇರಲೇಬೇಕು ಎಂದು 2008ರಿಂದ ಕಾನೂನೇ ಇದೆ ಎಂದು ಮಗಳು ಹೇಳಿದಳು. ನನ್ನ ಹೆಂಡತಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಊರಿನಲ್ಲಿ ಒಂಟಿ ಮುದುಕರಿಗೂ ಇದೇ ಕಾನೂನಾ?" ಎಂದು ಕೇಳಿದಳು. ಮಗಳು ಉತ್ತರ ಕೊಡಲಿಲ್ಲ. ಗೂಡನ್ನು ಎತ್ತಿಕೊಂಡು ಮನೆಗೆ ಬಂದೆವು.

ಬಂದೊಡನೆ ಒಟ್ಟಿಗೆ ಬಿಟ್ಟುಬಿಡುವುದೆಂದು ಮೊಮ್ಮಗಳು ಕುಣಿಯುತ್ತಿದ್ದಳು. ಪಶುವೈದ್ಯರು ಒಪ್ಪಲಿಲ್ಲ. ಹೊಸದಾಗಿ ಬಂದದ್ದನ್ನು ಎರಡು ಮೂರು ವಾರ ಬೇರೆ ಕೋಣೆಯಲ್ಲಿಡಬೇಕು. ಹೇನು, ತುರಿ, ಶೀತ ಏನಾದರೂ ಇದ್ದರೆ ಅಷ್ಟರಲ್ಲಿ ಹೊರಬೀಳುತ್ತದೆ. ಬೇರೆ ಕೋಣೆಯೆಂದರೆ ನಮ್ಮದೇ. ನನ್ನ ಪುಸ್ತಕದ ಕಪಾಟಿನ ಕೆಳಗೆ ಬೆಲ್ಲಳ ಬಿಡಾರವಾಯಿತು. ಅವಳನ್ನು ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯದೆ ನಡುಮನೆಯವರನ್ನು ಮುಟ್ಟುವಂತಿರಲಿಲ್ಲ. ನನ್ನ ಹೆಂಡತಿಗೆ ಇದು ಏನೂ ಕಷ್ಟವೆನಿಸಲಿಲ್ಲ. ಮಡಿ ಮೈಲಿಗೆಯ ಅಭ್ಯಾಸವಿದ್ದವರಿಗೆ ಕ್ವಾರಂಟೈನ್ ಹೊಸತಲ್ಲ.

ಆ ದಿನಗಳಲ್ಲಿ ನನಗೂ ಬೆಲ್ಲಳಿಗೂ ಒಂದು ಬಗೆಯ ಸ್ನೇಹ ಬೆಳೆಯಿತು. ನಾನು ಓದುತ್ತ ಕೂತಿದ್ದರೆ ಅವಳು ಹುಲ್ಲಿನ ಎಸಳೊಂದನ್ನು ತುದಿಯಿಂದ ಹಿಡಿದು ಒಂದೇ ಸಮನೆ ಒಳಕ್ಕೆಳೆದುಕೊಳ್ಳುತ್ತ ನನ್ನನ್ನೇ ನೋಡುತ್ತಿದ್ದಳು. ರಾತ್ರಿ ದೀಪ ಆರಿದ ಮೇಲೆ ನಡುಮನೆಯಿಂದ ಆ ಮೂವರ ಗೊಣಗಾಟ ಕೇಳಿಸುತ್ತಿತ್ತು. ಆಗ ಬೆಲ್ಲ ಅಗಿಯುವುದನ್ನು ನಿಲ್ಲಿಸಿಬಿಡುತ್ತಿದ್ದಳು. ಗೋಡೆಯಾಚೆ ತನ್ನ ಭಾಷೆ ಮಾತಾಡುವವರಿದ್ದಾರೆ ಎಂದು ತಿಳಿದು, ಕರೆ ಬರುವ ತನಕ ಕಾಯುವುದು ಸುಲಭವಲ್ಲ. ನಾನೂ ನನ್ನ ಹೆಂಡತಿಯೂ ಎಷ್ಟೋ ಸಂಜೆ ಅದೇ ಕೋಣೆಯಲ್ಲಿ ಕೂತು, ನಡುಮನೆಯಲ್ಲಿ ಮಗಳು ಅಳಿಯ ನಗುವುದನ್ನು ಕೇಳುತ್ತ, ಈಗ ಹೋಗಬಹುದೋ, ಇನ್ನೂ ಸ್ವಲ್ಪ ಹೊತ್ತು ಬಿಟ್ಟು ಹೋಗುವುದೋ ಎಂದು ಲೆಕ್ಕ ಹಾಕಿದ್ದುಂಟು. ಯಾರೂ ನಮ್ಮನ್ನು ಬರಬೇಡಿ ಎಂದಿರಲಿಲ್ಲ. ಹೋದರೆ ಅಳಿಯ ತಟ್ಟನೆ ಎದ್ದು ಸೋಫಾದ ಒಳ್ಳೆಯ ಜಾಗ ಬಿಟ್ಟುಕೊಡುತ್ತಿದ್ದರು. ಟೀವಿಯ ಸದ್ದು ಇಳಿಯುತ್ತಿತ್ತು. ಕ್ರಿಕೆಟ್ ಇದ್ದದ್ದು ವಾರ್ತೆಗೆ ತಿರುಗುತ್ತಿತ್ತು.

ಭೇಟಿಯ ದಿನ ಬಂತು. ಮಗಳು ಒಂದು ಮದುವೆಗಾಗುವಷ್ಟು ಸಿದ್ಧತೆ ಮಾಡಿದ್ದಳು. ಹಳೆಯ ಬೇಲಿಯೊಳಕ್ಕೆ ಹೊಸಬಳನ್ನು ಬಿಡಕೂಡದು, ಅದು ರಾಗಿಯ ಸ್ವಂತ ಆಸ್ತಿ. ಯಾರ ವಾಸನೆಯೂ ಇಲ್ಲದ ಜಾಗ ಬೇಕು. ಊಟದ ಮೇಜನ್ನು ಸರಿಸಿ, ನೆಲ ಒರೆಸಿ, ಒಗೆದ ಜಮಖಾನ ಹಾಸಿದಳು. ರಟ್ಟಿನ ಪೆಟ್ಟಿಗೆಗಳನ್ನು ಬೋರಲು ಹಾಕಿ ಪ್ರತಿಯೊಂದಕ್ಕೂ ಎರಡೆರಡು ಬಾಗಿಲು ಕತ್ತರಿಸಿದಳು. ಒಂದೇ ಬಾಗಿಲಿದ್ದರೆ ಒಳಗೆ ಹೊಕ್ಕವಳು ಸಿಕ್ಕಿಬೀಳುತ್ತಾಳೆ. ಓಡಲು ದಾರಿಯಿದ್ದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ಹುಲ್ಲಿನ ಗುಡ್ಡೆ ನಾಲ್ಕು ಕಡೆ, ನೀರಿನ ಬಾಟಲಿ ಎರಡು ಕಡೆ. ಕೈಗೆಟುಕುವಂತೆ ಒಂದು ದಪ್ಪ ಟವೆಲ್. ರಕ್ತ ಬರುವಂತೆ ಕಚ್ಚಾಡಿದರೆ ಟವೆಲ್ ಹಾಕಿ ಬಿಡಿಸಬೇಕು, ಬರಿಗೈ ಹಾಕಬಾರದು. ಅಲ್ಲಿಯವರೆಗೆ ಯಾರೂ ನಡುವೆ ಹೋಗಕೂಡದು ಎಂದು ಅವಳು ನಮ್ಮೆಲ್ಲರನ್ನೂ, ಮುಖ್ಯವಾಗಿ ಅವರಮ್ಮನನ್ನು, ನೋಡಿ ಹೇಳಿದಳು. ಭಾನುವಾರ ರಾಹುಕಾಲ ಸಂಜೆ ನಾಲ್ಕೂವರೆಗಾದ್ದರಿಂದ ಬೆಳಗಿನ ಮುಹೂರ್ತಕ್ಕೆ ನನ್ನ ಹೆಂಡತಿಯದೇನೂ ಅಡ್ಡಿಯಿರಲಿಲ್ಲ.

ಮೂವರನ್ನೂ ಒಂದು ಕಡೆಯಿಂದ, ಬೆಲ್ಲಳನ್ನು ಇನ್ನೊಂದು ಕಡೆಯಿಂದ ಬಿಟ್ಟರು. ಮೊದಲು ಅವಲಕ್ಕಿ ಮೂಗು ಮುಂದೆ ಮಾಡಿ ಬಂದಳು, ಬೆಲ್ಲಳ ಮೂಗು ಮೂಸಿದಳು, ಕಿವಿ ಮೂಸಿದಳು, ಸುತ್ತು ಹಾಕಿ ಹಿಂದಕ್ಕೆ ಹೋಗಿ ಅಲ್ಲಿಯೂ ಸವಿಸ್ತಾರವಾಗಿ ಮೂಸಿದಳು. ಕುಲಗೋತ್ರ ವಿಚಾರಣೆ ಅಷ್ಟಕ್ಕೆ ಮುಗಿಯಿತು. ಗಸಗಸೆಗೆ ಹುಲ್ಲಿನಲ್ಲಿ ಆಸಕ್ತಿ, ನೆಂಟರಲ್ಲಿ ಇರಲಿಲ್ಲ. ರಾಗಿ ಮಾತ್ರ ಅವಸರ ಮಾಡಲಿಲ್ಲ. ನಿಂತಲ್ಲಿಯೇ ಗಂಟಲಾಳದಿಂದ ಗುರ್ರ್ ಎಂಬ ದನಿ ತೆಗೆದು, ಹಿಂಬದಿಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ತೂಗುತ್ತ, ಒಂದೊಂದೇ ಹೆಜ್ಜೆ ಅಳೆದಿಡುತ್ತ ಬಂದಳು. ಅಷ್ಟು ದಪ್ಪನೆಯ ಮೈಯಿಂದ ಅಂಥ ಲಾಸ್ಯವನ್ನು ನಾನು ನಿರೀಕ್ಷಿಸಿರಲಿಲ್ಲ. ಮೊಮ್ಮಗಳು ಕಿಸಕ್ಕನೆ ನಕ್ಕಳು. ಬೆಲ್ಲ ನಗಲಿಲ್ಲ. ಅವಳು ಹಲ್ಲು ಕಟಕಟಿಸಿದಳು.

ಆಮೇಲೆ ನಡೆದದ್ದನ್ನು ನಾನು ನೆಲದ ಮೇಲೆ ಕೂತು, ಮಂಡಿನೋವು ಮರೆತು ನೋಡಿದೆ. ಇಬ್ಬರೂ ಮುಖಾಮುಖಿ ನಿಂತರು. ರಾಗಿ ಗದ್ದವನ್ನು ಸ್ವಲ್ಪ ಮೇಲೆತ್ತಿದಳು. ಬೆಲ್ಲ ಅದಕ್ಕಿಂತ ಒಂದು ಕೂದಲೆಳೆ ಮೇಲೆತ್ತಿದಳು. ರಾಗಿ ಇನ್ನೂ ಎತ್ತಿದಳು. ಇಬ್ಬರ ಮುಂಗಾಲೂ ನೆಟ್ಟಗಾಗಿ, ಕತ್ತು ನೀಳವಾಗಿ, ಮೂಗು ಸೂರಿನ ಕಡೆ ತಿರುಗಿ ನಿಂತವು. ಮೀಸೆಗಳು ಮಾತ್ರ ಸಣ್ಣಗೆ ನಡುಗುತ್ತಿದ್ದವು. ಈ ವಂಶದಲ್ಲಿ ಯಾರ ಗದ್ದ ಮೇಲಿದೆಯೋ ಅವರು ದೊಡ್ಡವರು. ಬೇರೆ ಅರ್ಹತೆ ಕೇಳುವುದಿಲ್ಲ. ಎಷ್ಟೋ ಹೊತ್ತಾದ ಮೇಲೆ ಬೆಲ್ಲಳ ಗದ್ದ ಒಂದಿಷ್ಟು ಇಳಿಯಿತು. ಇಳಿದ ಕೂಡಲೇ ರಾಗಿ ಅವಳನ್ನು ಜಮಖಾನದ ತುಂಬ ಅಟ್ಟಿಸಿಕೊಂಡು ಹೋದಳು. ಒಂದು ಪೆಟ್ಟಿಗೆಯ ಈ ಬಾಗಿಲಲ್ಲಿ ಹೊಕ್ಕು ಆ ಬಾಗಿಲಲ್ಲಿ ಹೊರಬಿದ್ದು, ಮತ್ತೊಂದರಲ್ಲಿ ನುಗ್ಗಿ, ಬೆಲ್ಲ ಮನೆ ಹಾರಿಹೋಗುವಂತೆ ಕಿರುಚಿದಳು. ಒಂದು ಕೂದಲೂ ಕೊಂಕಿರಲಿಲ್ಲ, ಕಿರುಚುವುದೂ ಒಂದು ಕ್ರಮವಂತೆ: ಒಪ್ಪಿದೆ ಮಾರಾಯ್ತಿ, ಬಿಡು ಎಂದು ಹೇಳುವ ಬಗೆ. ನನ್ನ ಹೆಂಡತಿ ಎರಡು ಸಲ ಎದ್ದಳು, ಮಗಳು ಎರಡು ಸಲ ಸೆರಗು ಹಿಡಿದು ಕೂರಿಸಿದಳು. "ಬಂದ ದಿನಾನೇ ಹೀಗಾ? ಏನಂದುಕೊಳ್ಳುತ್ತೆ ಅದು?" ಎಂದು ಅವಳ ಸಂಕಟ. ನಾವು ಬೆಳೆದ ರೀತಿಯಲ್ಲಿ ಬಂದವರಿಗೆ ಮೊದಲು ಬೆಲ್ಲ ನೀರು, ಆಮೇಲೆ ಕಾಫಿ, ಜಗಳವೇನಿದ್ದರೂ ಅವರು ಹೋದ ಮೇಲೆ, ನಮ್ಮ ನಮ್ಮೊಳಗೆ.

ಇದ್ದಕ್ಕಿದ್ದಂತೆ ಎಲ್ಲವೂ ನಿಂತುಹೋಗಿ ನಾಲ್ವರೂ ಹುಲ್ಲು ತಿನ್ನತೊಡಗಿದರು. ಸ್ವಲ್ಪ ಹೊತ್ತಿಗೆ ಮತ್ತೆ ಗದ್ದ ಎತ್ತುವುದು, ಮತ್ತೆ ಓಟ, ಮತ್ತೆ ಊಟ. ಪ್ರತಿ ಸಲವೂ ಓಟ ಮೊಟಕಾಗುತ್ತ, ಊಟ ಉದ್ದವಾಗುತ್ತ ಬಂತು. ಮಧ್ಯಾಹ್ನ ಕಳೆಯುವಾಗ ಬೆಲ್ಲ ತಾನಾಗಿಯೇ ರಾಗಿಯ ಮುಂದೆ ಹೋಗಿ ತಲೆ ತಗ್ಗಿಸಿ ನಿಂತಳು. ರಾಗಿ ಅವಳ ಬೆನ್ನ ಮೇಲೆ ಗದ್ದ ಊರಿ, ಒಂದು ಗಳಿಗೆ ಹಾಗೆಯೇ ಇದ್ದು, ಇಳಿಸಿದಳು. ಪಟ್ಟಾಭಿಷೇಕವೂ ಅದೇ, ಪ್ರಮಾಣವಚನವೂ ಅದೇ. ನಾನು ಒಂದು ಕೊತ್ತಂಬರಿ ಕಡ್ಡಿ ಎಸೆದೆ. ರಾಗಿ ಬೇರಿನ ಕಡೆಯಿಂದ, ಬೆಲ್ಲ ಎಲೆಯ ಕಡೆಯಿಂದ ತಿನ್ನುತ್ತ ಬಂದು, ನಡುವೆ ಮೂಗಿಗೆ ಮೂಗು ತಾಗಿದಾಗ ಇಬ್ಬರೂ ಒಂದು ಕ್ಷಣ ನಿಂತರು. ಉಳಿದ ಒಂದಂಗುಲ ಕಡ್ಡಿಯನ್ನು ರಾಗಿ ಎಳೆದುಕೊಂಡಳು. ಬೆಲ್ಲಳ ಮುಖದಲ್ಲಿ ಬೇಸರವೇನೂ ಕಾಣಲಿಲ್ಲ. ತನ್ನ ಪಾಲು ಎಷ್ಟೆಂದು ತಿಳಿದವಳ ಸಮಾಧಾನ ಇತ್ತು. ಸಂಜೆಯೊಳಗೆ ಮಗಳು ಹಳೆಯ ಬೇಲಿಯನ್ನು ದೊಡ್ಡದು ಮಾಡಿ, ವಿನೆಗರಿನಿಂದ ಒರೆಸಿ, ಯಾವುದೂ ಯಾರದೆಂದು ಹೇಳಲಾಗದಂತೆ ಪೆಟ್ಟಿಗೆಗಳನ್ನೆಲ್ಲ ಅದಲುಬದಲು ಮಾಡಿ, ನಾಲ್ವರನ್ನೂ ಒಳಗೆ ಬಿಟ್ಟಳು.

ಆ ರಾತ್ರಿ ನನಗೆ ಹೊಸ ಚಿಕ್ಕಮ್ಮ ನೆನಪಾದರು.

ನಮ್ಮದು ತೀರ್ಥಹಳ್ಳಿ ಕಡೆಯ ಒಟ್ಟುಕುಟುಂಬ. ಚಿಕ್ಕಪ್ಪನ ಮೊದಲ ಹೆಂಡತಿ ಬಾಣಂತನದಲ್ಲಿ ತೀರಿಕೊಂಡ ಮೇಲೆ ಇವರನ್ನು ತಂದರು. ಮನೆ ತುಂಬ ಹೆಂಗಸರಿದ್ದರು: ಅಜ್ಜಿ, ದೊಡ್ಡಮ್ಮ, ಅಮ್ಮ, ಗಂಡನ ಮನೆಯಿಂದ ಹಿಂದಿರುಗಿದ ಅತ್ತೆ. ಇವರ ನಡುವೆ ದಿನ ಬೆಳಗಾದರೆ ಜಗಳ. ಮಜ್ಜಿಗೆ ಕಡೆಯುವ ಕಂಬದ ಹಗ್ಗ ಯಾರು ಸಡಿಲ ಬಿಟ್ಟರು, ಹಂಡೆಗೆ ಯಾರು ನೀರು ಹೊಯ್ಯಲಿಲ್ಲ, ಯಾರ ಮಗ ಯಾರ ಮಗನ ಬಳಪ ಕದ್ದ. ಬೈದುಕೊಂಡ ಬಾಯಿ ಆರುವ ಮೊದಲೇ ಒಬ್ಬರ ತಲೆಯನ್ನು ಇನ್ನೊಬ್ಬರು ಬಾಚುತ್ತ ಕೂತಿರುತ್ತಿದ್ದರು. ಹೊಸ ಚಿಕ್ಕಮ್ಮನೊಡನೆ ಮಾತ್ರ ಯಾರೂ ಜಗಳವಾಡಲಿಲ್ಲ. ಬಂದ ದಿನವೇ ಅಜ್ಜಿ ಎಲ್ಲರನ್ನೂ ಕರೆದು, "ಪಾಪ, ಬೇರೆಯವಳ ಜಾಗಕ್ಕೆ ಬಂದ ಹುಡುಗಿ, ಯಾರೂ ಒಂದು ಮಾತು ಆಡಕೂಡದು" ಎಂದು ಕಟ್ಟಪ್ಪಣೆ ಮಾಡಿದ್ದರಂತೆ. ಆ ಅಪ್ಪಣೆಯನ್ನು ಎಲ್ಲರೂ ಪಾಲಿಸಿದರು. ಅಜ್ಜಿ ತೀರಿಕೊಂಡ ಮೇಲೂ ಪಾಲಿಸಿದರು.

ಮಿಡಿ ಉಪ್ಪಿನಕಾಯಿ ಹಾಕುವ ದಿನ ನಮ್ಮ ಮನೆ ರಣರಂಗ. ಅಪ್ಪೆಮಿಡಿಯ ರಾಶಿಯ ಸುತ್ತ ಎಲ್ಲ ಹೆಂಗಸರೂ ಕೂತು ಉಪ್ಪು ಹೆಚ್ಚಾಯಿತು, ಸಾಸಿವೆ ಹುರಿದದ್ದು ಸಾಲದು, ಹೋದ ವರ್ಷದ ಭರಣಿಗೆ ಹುಳ ಬಿದ್ದದ್ದು ನಿನ್ನಿಂದ ಎಂದು ಕೂಗಾಡುತ್ತಿದ್ದರು. ನಾವು ಹುಡುಗರು ಅದನ್ನು ನೋಡಲೆಂದೇ ಬಾಗಿಲಲ್ಲಿ ಕೂರುತ್ತಿದ್ದೆವು. ಒಂದು ವರ್ಷ ಗದ್ದಲದ ನಡುವೆ ಹೊಸ ಚಿಕ್ಕಮ್ಮ ಮೆಲ್ಲಗೆ, "ಉಪ್ಪು ಇನ್ನೊಂದು ಹಿಡಿ ಬೇಕೇನೋ" ಎಂದರು. ಎಲ್ಲರೂ ಸುಮ್ಮನಾದರು. ದೊಡ್ಡಮ್ಮ ಒಂದಿಷ್ಟೂ ಚೌಕಾಸಿ ಮಾಡದೆ, "ಹೌದು, ನೀವು ಹೇಳಿದ್ದೇ ಸರಿ" ಎಂದು ಒಂದು ಹಿಡಿ ಉಪ್ಪು ಹಾಕಿದರು. ಆ ಮನೆಯಲ್ಲಿ ಒಬ್ಬ ಹೆಂಗಸು ಇನ್ನೊಬ್ಬಳಿಗೆ ನೀವು ಹೇಳಿದ್ದೇ ಸರಿ ಎಂದದ್ದನ್ನು ನಾನು ಅದಕ್ಕೆ ಮೊದಲೂ ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ. ಚಿಕ್ಕಮ್ಮ ಕೈಯಲ್ಲಿದ್ದ ಮಿಡಿಯ ತೊಟ್ಟನ್ನು ನೋಡುತ್ತ ಕೂತರು. ಉಪ್ಪಿನ ವಿಷಯ ಅವರು ಮತ್ತೆಂದೂ ಎತ್ತಲಿಲ್ಲ.

ಅವರಿಗೆ ಕಡಿಮೆ ಮಾಡಿದವರಿಲ್ಲ. ಹಬ್ಬಕ್ಕೆ ಒಳ್ಳೆಯ ಸೀರೆ ಅವರಿಗೇ, ಚಳಿಗಾಲದಲ್ಲಿ ದಪ್ಪ ಕಂಬಳಿ ಅವರಿಗೇ. ಏನಾದರೂ ಕೆಲಸಕ್ಕೆ ಕೈಹಾಕಿದರೆ, "ನೀವು ಕೂತುಕೊಳ್ಳಿ" ಎಂದು ನಾಲ್ಕು ದನಿ ಒಟ್ಟಿಗೆ ಬರುತ್ತಿದ್ದವು. ಅವರು ಕೂತುಕೊಂಡರು. ತಲೆಗೂದಲು ಬೆಳ್ಳಗಾಗುವ ತನಕ ಕೂತೇ ಇದ್ದರು. ಅವರ ಕಣ್ಣೆದುರು ಆ ಮನೆಗೆ ಸೊಸೆಯರು ಬಂದರು, ಬಂದ ವರ್ಷವೇ ದೊಡ್ಡಮ್ಮನ ಕೈಯಲ್ಲಿ ಬೈಸಿಕೊಂಡು, ಎದುರು ಮಾತಾಡಿ, ಅತ್ತು, ಉಗ್ರಾಣದ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಹಳಬರಾದರು. ಇವರು ಮಾತ್ರ ಕೊನೆಯವರೆಗೂ ಹೊಸ ಚಿಕ್ಕಮ್ಮನಾಗಿಯೇ ಉಳಿದರು. ಅವರು ಹೋದಾಗ ಅಮ್ಮ ಅಳುತ್ತ ಹೇಳಿದ್ದು, "ಅವರ ಕೈಲಿ ಒಂದು ದಿನ ಒಂದು ಕೆಟ್ಟ ಮಾತು ಆಡಿಸಿಕೊಳ್ಳಲಿಲ್ಲ, ನಾವೂ ಆಡಲಿಲ್ಲ." ಅದನ್ನು ಅಮ್ಮ ಹೆಮ್ಮೆಯಿಂದಲೇ ಹೇಳಿದಳು. ನಾನೂ ಬಹಳ ಕಾಲ ಅದನ್ನು ಹೆಮ್ಮೆಯ ಸಂಗತಿಯೆಂದೇ ತಿಳಿದಿದ್ದೆ. ರಾಗಿ ಬೆಲ್ಲಳನ್ನು ಅಟ್ಟಾಡಿಸಿದ್ದನ್ನು ನೋಡುವವರೆಗೆ ಅದರೊಳಗಿನ ಕ್ರೌರ್ಯ ನನಗೆ ಹೊಳೆದಿರಲಿಲ್ಲ.

ಮರ್ಯಾದೆ ಬಾಗಿಲಲ್ಲಿ ನಿಂತವರಿಗೆ ಕೊಡುವಂಥದು. ಒಳಗಿನವರಿಗೆ ಬೇಕಾದದ್ದು ಪಾಲು, ಪಾಲೆಂದ ಮೇಲೆ ಜಗಳ ಇದ್ದದ್ದೇ. ಗಿನಿಪಿಗ್‌ಗಳು ಆ ಲೆಕ್ಕವನ್ನು ಮೊದಲ ದಿನವೇ ಚುಕ್ತಾ ಮಾಡಿಬಿಡುತ್ತವೆ: ಯಾರು ಮುಂದೆ, ಯಾರು ಹಿಂದೆ, ಯಾವ ಪೆಟ್ಟಿಗೆಯಲ್ಲಿ ಯಾರು. ಆಮೇಲೆ ಆ ಮಾತು ತೆಗೆಯುವುದಿಲ್ಲ. ನಾವಾದರೋ ಮೊದಲ ದಿನ ಆರತಿ ಎತ್ತುತ್ತೇವೆ, ಲೆಕ್ಕವನ್ನು ಒಳಗೊಳಗೇ ಬರೆದಿಡುತ್ತೇವೆ, ಮೂವತ್ತು ವರ್ಷಗಳ ನಂತರ ಯಾವುದೋ ಮದುವೆಯ ಚಪ್ಪರದಲ್ಲಿ ಬಡ್ಡಿ ಸಮೇತ ಓದುತ್ತೇವೆ. ಇನ್ನು ಕೆಲವರ ಹೆಸರಿನಲ್ಲಿ ಲೆಕ್ಕದ ಪುಸ್ತಕವನ್ನೇ ತೆರೆಯುವುದಿಲ್ಲ.

ಈಗ ಬೆಲ್ಲಳನ್ನು ನೋಡಿದರೆ ಅವಳು ಹೊರಗಿನಿಂದ ಬಂದವಳೆಂದು ಯಾರೂ ಹೇಳಲಾರರು. ಫ್ರಿಜ್ಜಿನ ಬಾಗಿಲು ತೆರೆದ ಸದ್ದಾದರೆ ಸಾಕು, ಮುಂಗಾಲನ್ನು ಬಲೆಯ ಮೇಲಿಟ್ಟು, ನಾಲ್ವರಲ್ಲಿ ಎಲ್ಲರಿಗಿಂತ ಜೋರಾಗಿ ವೀಕ್ ವೀಕ್ ಎಂದು ಸೀಟಿ ಹೊಡೆಯುವವಳು ಅವಳೇ. ಕೆಲವು ಬೆಳಗು ಯಾವ ಕಾರಣವೂ ಇಲ್ಲದೆ ನಿಂತಲ್ಲಿಯೇ ನಾಲ್ಕೂ ಕಾಲು ನೆಲ ಬಿಟ್ಟು ಗಾಳಿಯಲ್ಲಿ ಚಂಗನೆ ನೆಗೆಯುತ್ತಾಳೆ. ಸಾಕುವವರು ಇದನ್ನು ಪಾಪ್‌ಕಾರ್ನಿಂಗ್ ಎನ್ನುತ್ತಾರೆ, ಸಂತೋಷ ಹೆಚ್ಚಾದಾಗ ಹಾಗೆ ಮಾಡುತ್ತವಂತೆ. ನನ್ನ ಕೋಣೆಯಲ್ಲಿದ್ದಷ್ಟು ದಿನ, ಅಷ್ಟು ಉಪಚಾರ ನಡೆದರೂ, ಅವಳು ಒಮ್ಮೆಯೂ ನೆಗೆದಿರಲಿಲ್ಲ. ಊಟಕ್ಕೆ ಈಗಲೂ ರಾಗಿಯದೇ ಮೊದಲ ಬಾಯಿ, ಒಮ್ಮೊಮ್ಮೆ ಬೆಲ್ಲಳ ಬಾಯಿಂದಲೇ ಎಲೆ ಕಿತ್ತುಕೊಳ್ಳುವುದೂ ಉಂಟು. ಅಂಥ ಹೊತ್ತಿನಲ್ಲಿ ಬೆಲ್ಲ ಒಂದೆರಡು ಗೊಣಗು ಗೊಣಗಿ, ಹೋಗಿ ಗಸಗಸೆಯ ಬಾಯಿಂದ ಇನ್ನೊಂದು ಎಲೆ ಕಿತ್ತುಕೊಳ್ಳುತ್ತಾಳೆ.

ಇದಾದ ಮೇಲೆ ಒಂದು ಸಂಜೆ ಫ್ಯಾನಿನ ವಿಷಯವಾಗಿ ನನಗೂ ಅಳಿಯನಿಗೂ ಮಾತಿಗೆ ಮಾತು ಬೆಳೆಯಿತು. ಅವರಿಗೆ ಸೆಕೆ, ನನಗೆ ಗಾಳಿ ಆಗದು. ಇಷ್ಟು ದಿನ ನಾನು ಕೋಣೆಯಿಂದ ಹೊರಬಂದ ತಕ್ಷಣ ಅವರೇ ಎದ್ದು ಫ್ಯಾನ್ ಇಳಿಸಿ, ಬೆವರುತ್ತ, ನಗುತ್ತ ಕೂರುತ್ತಿದ್ದರು. ಅಂದು ಆಫೀಸಿನಲ್ಲಿ ಏನಾಗಿತ್ತೋ, ನಾನು ರೆಗ್ಯುಲೇಟರಿಗೆ ಕೈ ಹಾಕಿದ್ದೇ, "ಮಾವ, ಅದನ್ನ ಮುಟ್ಟಬೇಡಿ, ಸೆಕೇಲಿ ಸಾಯ್ತಿದೀನಿ ನಾನು" ಎಂದರು. ನಾನೂ ಬಿಡಲಿಲ್ಲ. ಸೆಕೆಯಾದರೆ ಬಾಲ್ಕನಿಯಲ್ಲಿ ಕೂರಬಹುದು ಎಂದೆ. ಬಾಲ್ಕನಿಯಲ್ಲಿ ಟೀವಿ ಇಲ್ಲ ಎಂದರು. ಒಗ್ಗರಣೆಯ ಸೌಟು ಹಿಡಿದೇ ನನ್ನ ಹೆಂಡತಿ ಗಾಬರಿಯಿಂದ ಓಡಿಬಂದಳು. ಮಗಳು ಟವೆಲ್ ತರಬೇಕೇ ಎಂಬಂತೆ ನಮ್ಮಿಬ್ಬರನ್ನೂ ನೋಡಿದಳು. ಕೊನೆಗೆ ಫ್ಯಾನ್ ಮೂರರಲ್ಲಿ ನಿಂತಿತು. ನನ್ನ ಎರಡೂ ಅಲ್ಲ, ಅವರ ಐದೂ ಅಲ್ಲ. ನಾನು ಶಾಲು ಹೊದ್ದು ಸೋಫಾದ ಇನ್ನೊಂದು ತುದಿಯಲ್ಲಿ ಕೂತೆ. ಅವರು ಒಳ್ಳೆಯ ಜಾಗದಿಂದ ಏಳಲಿಲ್ಲ. ಕ್ರಿಕೆಟ್ ಹಾಗೆಯೇ ನಡೆಯುತ್ತಿತ್ತು. ಯಾರೋ ಔಟಾದಾಗ ಅಳಿಯ, "ನೋಡಿದ್ರಾ ಮಾವ, ಇಂಥ ಬಾಲಿಗೆ ಯಾರಾದರೂ ಬ್ಯಾಟು ಬೀಸ್ತಾರಾ?" ಎಂದು ನನ್ನ ತೊಡೆಗೆ ತಟ್ಟಿದರು. ಅವರು ನನ್ನನ್ನು ಹಾಗೆ ಮುಟ್ಟಿ ಮಾತಾಡಿದ್ದು ಅದೇ ಮೊದಲು. ಈಗ ನಾನು ಸಂಜೆ ನಡುಮನೆಗೆ ಹೋಗುವಾಗ ಹೊತ್ತು ಲೆಕ್ಕ ಹಾಕುವುದಿಲ್ಲ.

ಹೊಸ ಗಿನಿಪಿಗ್ ತರಬೇಕೆಂದಿರುವವರಿಗೆ ಹೇಳುವುದು ಹೆಚ್ಚೇನಿಲ್ಲ. ಎರಡು ಮೂರು ವಾರ ಬೇರೆ ಇಡಿ, ಯಾರದೂ ಅಲ್ಲದ ಜಾಗದಲ್ಲಿ ಭೇಟಿ ಮಾಡಿಸಿ, ಪ್ರತಿ ಪೆಟ್ಟಿಗೆಗೂ ಎರಡು ಬಾಗಿಲಿರಲಿ, ಹುಲ್ಲು ಧಾರಾಳವಾಗಿರಲಿ, ರಕ್ತ ಕಾಣುವವರೆಗೆ ನಡುವೆ ಹೋಗಬೇಡಿ. ಮನೆಗೆ ಮನುಷ್ಯರನ್ನು ತರುವವರಿಗೆ ಒಂದೇ ಮಾತು. ಸೊಸೆಯಿರಲಿ, ಅಳಿಯನಿರಲಿ, ಊರು ಬಿಟ್ಟು ಬಂದ ಮುದುಕ ಮುದುಕಿಯಿರಲಿ, ಮರ್ಯಾದೆಯನ್ನು ಒಂದು ತಿಂಗಳಿಗಿಂತ ಹೆಚ್ಚು ಎಳೆಯಬೇಡಿ. ಅಷ್ಟರೊಳಗೆ ಅವರೊಡನೆ ಒಂದು ಸಣ್ಣ ಜಗಳವನ್ನಾದರೂ ಆಡಿ ಮುಗಿಸಿ. ವಿಷಯ ಸಿಗದಿದ್ದರೆ ಉಪ್ಪಿನಕಾಯಿಗೆ ಉಪ್ಪು ಸಾಲದು ಎಂದರೂ ನಡೆಯುತ್ತದೆ.